ಮೂಗುಬೊಟ್ಟಿನ ತಿರುಪು

ವಿಶ್ವೇಶ್ವರಯ್ಯ ನಾಲೆಯ ತೂಬು ಎತ್ತಲು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಯಾವ ನೀರುಗಂಟಿಯೂ ಹಲಗೆಗೆ ಹಗ್ಗ ಕಟ್ಟಿ ಜಗ್ಗುವುದಿಲ್ಲ. ಮೇಲಿನ ತಿರುಪು ತಿರುಗಿಸುತ್ತಾನೆ. ಮೂಗುಬೊಟ್ಟು ಬಿಚ್ಚುವಾಗ ಮಾತ್ರ ನಮಗೆ ಆ ತಾಳ್ಮೆ ಇರುವುದಿಲ್ಲ. ಯಂತ್ರ ಎರಡೂ ಕಡೆ ಒಂದೇ. ತಿರುಪೆಂದರೆ ಕಡ್ಡಿಗೆ ಸುತ್ತಿದ ಇಳಿಜಾರು. ಅದು ಎಷ್ಟು ಸಣ್ಣ ಇಳಿಜಾರೆಂದರೆ, ನೇರವಾಗಿ ಎಳೆದರೆ ಮರೆಗಳ, ಅಂದರೆ ತಿರುಪಿನ ಸುತ್ತುಗಳ, ನಡುವಿನ ಘರ್ಷಣೆ ಜಾರಗೊಡದು. ತೂಬಿನ ಹಲಗೆ ತನ್ನ ಭಾರಕ್ಕೇ ಕೆಳಗಿಳಿಯದೆ ನಿಲ್ಲುವುದೂ ಇದರಿಂದಲೇ. ಹಾಗಾಗಿ ಬೊಟ್ಟನ್ನು ಎಳೆದಷ್ಟೂ ಸೋಲುವುದು ತಿರುಪಲ್ಲ, ಚರ್ಮ.

ತಿರುಗಿಸಿದರೂ ಬರುವುದಿಲ್ಲವಲ್ಲ ಎನ್ನಬಹುದು. ಹೆಚ್ಚಿನ ಸಲ ಒಳಗಿನ ತಿರುಪಿನ ಜೊತೆ ಹೊರಗಿನ ಹೂವೂ ಸುತ್ತುತ್ತಿರುತ್ತದೆ. ಒಂದನ್ನು ಅಲುಗದಂತೆ ಹಿಡಿಯದೆ ಇನ್ನೊಂದು ಬಿಚ್ಚಿಕೊಳ್ಳದು. ಇನ್ನೊಂದು ತಪ್ಪು ಕನ್ನಡಿಯದು. ಸಾಮಾನ್ಯ ಮರೆಯ ಬೊಟ್ಟನ್ನು ಎದುರಿಗೆ ನಿಂತವರು ಹೂವು ಹಿಡಿದು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು. ಕನ್ನಡಿಯಲ್ಲಿ ಅದೇ ಚಲನೆ ಮುಳ್ಳಿನ ದಿಕ್ಕಿಗೇ ಕಾಣುತ್ತದೆ. ಬಿಚ್ಚುತ್ತಿದ್ದೇನೆಂದು ಬಿಗಿ ಮಾಡಿಕೊಳ್ಳುವವರು ಎಷ್ಟೋ! ಒಣಗಿದ ಕೀವು, ಸಿಂಬಳ ಮರೆಯೊಳಗೆ ಹೂಳಿನಂತೆ ಕೂತಿದ್ದರೆ ಲೀಟರಿಗೆ 9 ಗ್ರಾಂ ಉಪ್ಪು ಹಾಕಿದ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯನ್ನು ಐದು ನಿಮಿಷ ಒತ್ತಿಡಿ. ಕೊಬ್ಬರಿ ಎಣ್ಣೆಯಲ್ಲಿ ಮರೆ ಸಡಿಲವಾಗುತ್ತದೆ, ನಿಜ; ಬೆರಳೂ ಜಾರುತ್ತದೆ.

ಬೊಟ್ಟು ತೆಗೆದರೆ ತೂತು ಮುಚ್ಚಿಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಚುಚ್ಚಿದ ಮೇಲೆ ಎರಡೂ ಕಡೆಯಿಂದ ಚರ್ಮ ಒಳಮುಖವಾಗಿ ಬೆಳೆದು ಸುರಂಗಕ್ಕೆ ಗಾರೆ ಬಳಿದಂತೆ ಕೂಡಿಕೊಳ್ಳಬೇಕು. ಕಿವಿಹಾಲೆಗೆ 6ರಿಂದ 8 ವಾರ ಸಾಕು, ಮೂಗಿಗೆ ಹಲವು ತಿಂಗಳು ಬೇಕು. ಅಲ್ಲಿವರೆಗೆ ಬದಲಿಸದಿರುವುದೇ ಲೇಸು. ಬೇವಿನ ಕಡ್ಡಿ ಸಿಕ್ಕಿಸುವ ರೂಢಿ ತೂತನ್ನು ಉಳಿಸುತ್ತದೆ, ಆದರೆ ಅದರ ಒರಟು ಮೈಯಲ್ಲಿ ಕೊಳೆ ನಿಲ್ಲುತ್ತದೆ. ಕೀವಾಗಿದ್ದರೆ ಕಿತ್ತು ಬಿಸಾಡಿ ಎನ್ನುವವರ ಮಾತನ್ನೂ ಒಪ್ಪಲಾಗದು: ಬಾಯಿ ಮುಚ್ಚಿಕೊಂಡ ತೂತಿನೊಳಗೆ ಕೀವು ಕಟ್ಟಿಕೊಳ್ಳಬಹುದು. ಅಂಥ ಕೀವು, ಚರ್ಮದೊಳಗೆ ಹೂತುಹೋದ ತಿರುಪು, ಎರಡೂ ವೈದ್ಯರ ಕೆಲಸ.

ಬಿಚ್ಚುವಾಗ ತಲೆ ಮುಂದಕ್ಕೆ ಬಾಗಿಸಿ, ಬಾಯಲ್ಲಿ ಉಸಿರಾಡಬೇಕು. ಕಳಚಿದ ತಿರುಪು ಅಂಗೈಗೆ ಬೀಳಲಿ. ಮೂಗಿನಲ್ಲಿ ಉಸಿರೆಳೆದರೆ ಅದು ಶ್ವಾಸನಾಳಕ್ಕೂ ಇಳಿದೀತು. ತಿರುಪು ಕಾಣೆಯಾಗಿ ಕೆಮ್ಮು ಬಂದರೆ, ಕೆಮ್ಮು ಆಮೇಲೆ ನಿಂತರೂ, ಎಕ್ಸ್‌ರೇ ತಪ್ಪಿಸಬೇಡಿ. ಚಿನ್ನ ಅದರಲ್ಲಿ ಅಚ್ಚ ಬಿಳಿಯಾಗಿ ಕಾಣುತ್ತದೆ.