ತೆವಳುವ ಗಾಜು

ಪ್ರಶ್ನೆ: ನನ್ನ ಹಳೆಯ ಮಾಜ್ದಾ ಎಂಎಕ್ಸ್-5 ಕಾರಿನ ಪವರ್ ವಿಂಡೋ ಬಹಳ ನಿಧಾನವಾಗಿ ಏರುತ್ತದೆ. ಮೋಟಾರು ಬದಲಿಸಬೇಕೆ?

ಉತ್ತರ: ಅವಸರ ಬೇಡ. 1989ರಲ್ಲಿ ಮಾರುಕಟ್ಟೆಗೆ ಬಂದ ಈ ಎರಡು ಸೀಟಿನ ಚೆಂದದ ಕಾರಿನ ಮೊದಲ ತಲೆಮಾರಿನಲ್ಲಿ ಮೋಟಾರು ಉಕ್ಕಿನ ಕೇಬಲ್ ಎಳೆದು ಗಾಜನ್ನು ಎತ್ತುತ್ತದೆ. ವರ್ಷಗಳು ಕಳೆದಂತೆ ಗ್ರೀಸು ಮೇಣದ ಹಾಗೆ ಗಟ್ಟಿಯಾಗುತ್ತದೆ, ರಬ್ಬರು ಒಣಗಿ ಗಾಜನ್ನು ಕಚ್ಚಿ ಹಿಡಿಯುತ್ತದೆ. ಬಾಗಿಲಿನ ಒಳಹೊದಿಕೆ ಬಿಚ್ಚಿ ಎಲ್ಲವನ್ನೂ ಒರೆಸಿ, ಲೋಹದ ಹಳಿಗೆ ಹೊಸ ಗ್ರೀಸು, ರಬ್ಬರಿಗೆ ಸಿಲಿಕೋನ್ ಸ್ಪ್ರೇ ಹಾಕಿ. ದಯವಿಟ್ಟು ರಬ್ಬರಿಗೆ ಇಂಜಿನ್ ಆಯಿಲ್ ಸವರಬೇಡಿ, ಉಬ್ಬಿ ಹಾಳಾಗುತ್ತದೆ. ಎಷ್ಟೋ ಕಾರುಗಳಿಗೆ ಇಷ್ಟೇ ಸಾಕು.

ಆಮೇಲೂ ತೆವಳಿದರೆ ಇಂಜಿನ್ ಚಾಲೂ ಇಟ್ಟು, ಗಾಜು ಏರುತ್ತಿರುವಾಗಲೇ ಮೋಟಾರಿನ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯಿರಿ. ಕರೆಂಟು ಹರಿಯದಿದ್ದಾಗ ಅಳೆದರೆ ದೋಷ ಕಾಣುವುದೇ ಇಲ್ಲ. ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು ಮೋಟಾರಿಗೆ 10 ಮಾತ್ರ ತಲುಪಿದರೆ, ಉಳಿದದ್ದು ತಂತಿಯಲ್ಲಿ, ಸ್ವಿಚ್ಚಿನ ಕರಿಗಟ್ಟಿದ ಕಾಂಟ್ಯಾಕ್ಟುಗಳಲ್ಲಿ ಕಳೆದುಹೋಗುತ್ತಿದೆ. ಕಾಂಟ್ಯಾಕ್ಟು ಶುಚಿ ಮಾಡಿಸಿ. ಅದಕ್ಕಿಂತ ಒಳ್ಳೆಯದು ರಿಲೇ ಹಾಕಿಸುವುದು: ಭಾರಿ ಕರೆಂಟು ಸ್ವಿಚ್ಚನ್ನು ಹಾಯದೆ, ಫ್ಯೂಸಿನ ಮೂಲಕ ಬ್ಯಾಟರಿಯಿಂದ ನೇರವಾಗಿ ಮೋಟಾರಿಗೆ ಹೋಗುತ್ತದೆ. ವೋಲ್ಟೇಜ್ ಸರಿಯಿದ್ದು, ಹಳಿಯೂ ನುಣುಪಾಗಿದ್ದರೆ ಮಾತ್ರ ಮೋಟಾರು ಬಿಚ್ಚಿಸಿ.