ದಡವಿಲ್ಲದೆಡೆಗೆ ಕಡಲಯಾನ

ಕಡಲನ್ನು ದಾಟುವವರಿಗೆ ಸಾಮಾನ್ಯವಾಗಿ ಇನ್ನೊಂದು ದಡವೇ ಗುರಿಯಾಗಿರುತ್ತದೆ. ಆದರೆ ಇಳಿದು ತಂಗಲು ನೆಲವೇ ಇಲ್ಲದ ಕಡೆಗೆ ಹೋಗಿ, ಕೆಲವು ದಿನ ಹಡಗಿನಲ್ಲಿಯೇ ಉಂಡು ಮಲಗಿ, ದಿನಕ್ಕೆ ಮೂರು ನಾಲ್ಕು ಬಾರಿ ನೀರಿನೊಳಗೆ ಮುಳುಗಿ ನೋಡಿ ಹಿಂದಿರುಗುವ ಯಾತ್ರೆಯೊಂದಿದೆ. ದೂರಸಮುದ್ರದ ಹವಳದ ದಿಬ್ಬಗಳನ್ನು ಕಣ್ಣಾರೆ ಕಾಣಬಯಸುವವರು ಕೈಗೊಳ್ಳುವ ಯಾತ್ರೆಯಿದು. ಕೆಂಪು ಸಮುದ್ರ, ಮಾಲ್ಡೀವ್ಸ್, ಇಂಡೋನೇಷ್ಯ, ಆಸ್ಟ್ರೇಲಿಯದ ಪೂರ್ವದ ಕಡಲು ಮುಂತಾದೆಡೆಗಳಲ್ಲಿ ಇಂತಹ ಯಾನಗಳು ನಡೆಯುತ್ತವೆ. ಇವುಗಳ ರೀತಿನೀತಿಗಳನ್ನು ಅರಿಯಲು ಫಿಲಿಪ್ಪೀನ್ಸ್ ದೇಶದ ತುಬ್ಬತಾಹ ಉತ್ತಮ ನಿದರ್ಶನವಾಗಿದೆ. ನೋಡುವ ಸಂತೋಷವು ಕಾಯುವ ಹೊಣೆಯೊಡನೆ ಹೇಗೆ ಬೆಸೆದುಕೊಳ್ಳಬಲ್ಲದು ಎಂಬುದನ್ನು ಅಲ್ಲಿ ಸ್ಪಷ್ಟವಾಗಿ ಕಾಣಬಹುದು.

ಹವಳದ ಬಳೆಗಳು

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದು ಅಸಂಖ್ಯ ಸೂಕ್ಷ್ಮ ಪ್ರಾಣಿಗಳ ಒಟ್ಟುಕುಟುಂಬ. ಈ ಪ್ರಾಣಿಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯು ನೆಲೆಸಿರುತ್ತದೆ. ಪಾಚಿಯು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳವು ಪಾಚಿಗೆ ಆಶ್ರಯವನ್ನು ನೀಡುತ್ತದೆ. ಹವಳವು ಸುಣ್ಣವನ್ನು ಸ್ರವಿಸಿ ಕಟ್ಟುವ ಮನೆಗಳ ಮೇಲೆ ಮನೆಗಳು ಏರಿ ದಿಬ್ಬವಾಗುತ್ತದೆ. ಗುಂಡನೆಯ ಹವಳವು ಸಾಮಾನ್ಯವಾಗಿ ವರುಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ನಮ್ಮ ಶಾಲೆಯ ಐವತ್ತು ವರುಷಗಳ ಅವಧಿಯಲ್ಲಿ ಅದು ಬೆಳೆದಿರುವುದು ಕೇವಲ ಅರ್ಧ ಮೀಟರ್!

ನಡುಗಡಲಿನಲ್ಲಿ ಬಳೆಯಾಕಾರದ ದಿಬ್ಬಗಳು ಮೂಡಿದ ಬಗೆಯನ್ನು ಚಾರ್ಲ್ಸ್ ಡಾರ್ವಿನ್ ೧೮೪೨ರ ತನ್ನ ಗ್ರಂಥದಲ್ಲಿ ವಿವರಿಸಿದನು. ಜ್ವಾಲಾಮುಖಿಯ ದ್ವೀಪವು ನಿಧಾನವಾಗಿ ಕುಸಿಯುತ್ತ ಹೋದಂತೆ ಅದರ ಅಂಚಿನ ಹವಳವು ಬೆಳಕನ್ನರಸಿ ಮೇಲೇರುತ್ತದೆ. ಕೊನೆಗೆ ಬೆಟ್ಟವು ಮುಳುಗಿ ಹವಳದ ಬಳೆಯೊಂದೇ ಉಳಿಯುತ್ತದೆ. ೧೯೫೨ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಎಂಬಲ್ಲಿ ಕೊರೆದು ನೋಡಿದಾಗ ಸಾವಿರ ಮೀಟರಿಗೂ ಹೆಚ್ಚು ದಪ್ಪದ ಸುಣ್ಣಕಲ್ಲಿನ ಅಡಿಯಲ್ಲಿ ಜ್ವಾಲಾಮುಖಿಯ ಶಿಲೆ ದೊರೆಯಿತು. ಡಾರ್ವಿನ್ನನ ಊಹೆ ನಿಜವಾಯಿತು.

ತುಬ್ಬತಾಹದಲ್ಲಿ ಇಂತಹ ಬಳೆಗಳು ಎರಡಿವೆ, ಜೊತೆಗೆ ಜೆಸ್ಸಿ ಬೀಸ್ಲಿ ಎಂಬ ಚಿಕ್ಕ ದಿಬ್ಬವೊಂದಿದೆ. ಪಲವಾನ್ ದ್ವೀಪದ ಪ್ವೆರ್ಟೊ ಪ್ರಿನ್ಸೆಸಾ ಪಟ್ಟಣದಿಂದ ಆಗ್ನೇಯಕ್ಕೆ ಸುಮಾರು ೧೫೦ ಕಿಲೋಮೀಟರ್ ದೂರದಲ್ಲಿ, ಸುಲು ಸಮುದ್ರದ ನಡುವೆ ಇವು ಇವೆ. ಪುಟ್ಟ ಮರಳದಿಬ್ಬಗಳನ್ನು ಬಿಟ್ಟರೆ ಅಲ್ಲಿ ಕಾಲೂರಲು ನೆಲವಿಲ್ಲ. ಆ ಮರಳು ಕಡಲಹಕ್ಕಿಗಳ ಮತ್ತು ಆಮೆಗಳ ಪಾಲಿನದು. ದಿಬ್ಬದ ಹೊರ ಅಂಚು ಕೆಲವೆಡೆ ನೂರು ಮೀಟರ್ ಆಳದವರೆಗೆ ಗೋಡೆಯಂತೆ ನೆಟ್ಟಗೆ ಇಳಿದಿದೆ. ಅಲ್ಲಿ ೩೫೦ಕ್ಕೂ ಹೆಚ್ಚು ಜಾತಿಯ ಹವಳಗಳನ್ನು ಗುರುತಿಸಲಾಗಿದೆ.

ತಂಗುನೌಕೆಯ ದಿನಚರಿ

ಮಾರ್ಚ್ ನಡುಭಾಗದಿಂದ ಜೂನ್ ನಡುಭಾಗದವರೆಗೆ ಮಾತ್ರ ಅಲ್ಲಿಗೆ ಯಾನ ಸಾಧ್ಯ. ಉಳಿದ ತಿಂಗಳುಗಳಲ್ಲಿ ಮಾರುತಗಳು ಕಡಲನ್ನು ಕಲಕುತ್ತವೆ, ಮರೆಯಾಗಿ ನಿಲ್ಲಲು ನೆಲವೂ ಇಲ್ಲ. ಸಂಜೆ ಹೊರಟ ಹಡಗು ಹತ್ತು ಹನ್ನೆರಡು ಗಂಟೆ ಸಾಗಿ ಮುಂಜಾನೆ ದಿಬ್ಬವನ್ನು ತಲಪುತ್ತದೆ. ಹಡಗೇ ಅಲ್ಲಿ ವಸತಿಗೃಹ, ಅಡುಗೆಮನೆ ಮತ್ತು ಸಿಲಿಂಡರುಗಳಿಗೆ ಗಾಳಿ ತುಂಬುವ ಯಂತ್ರಶಾಲೆ. ಯಾತ್ರಿಕರು ಸಣ್ಣ ದೋಣಿಗಳಲ್ಲಿ ದಿಬ್ಬದ ಅಂಚಿಗೆ ಹೋಗಿ ಮುಳುಗುತ್ತಾರೆ; ಮೇಲೆದ್ದಾಗ ದೋಣಿಯು ಅವರನ್ನು ಎತ್ತಿಕೊಳ್ಳುತ್ತದೆ. ಊಟ, ವಿಶ್ರಾಂತಿ, ಮತ್ತೆ ಮುಳುಗು. ದಿನಗಳು ಹೀಗೆಯೇ ಸಾಗುತ್ತವೆ.

ಇದು ಸಾಧ್ಯವಾದುದು ೧೯೪೩ರ ಬಳಿಕ. ಆ ವರುಷ ಫ್ರಾನ್ಸಿನ ಝಾಕ್ ಕುಸ್ತೊ ಮತ್ತು ಎಮಿಲ್ ಗಾಗ್ನಾನ್ ಎಂಬವರು, ಮುಳುಗುವವನು ಉಸಿರೆಳೆದಾಗ ಮಾತ್ರ, ಅವನ ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಗಾಳಿಯನ್ನು ಕೊಡುವ ಉಪಕರಣವನ್ನು ರೂಪಿಸಿದರು. ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡವು ಹೆಚ್ಚುತ್ತದೆ. ಆದ್ದರಿಂದ ೨೦ ಮೀಟರ್ ಆಳದಲ್ಲಿ ಒತ್ತಡವು ಮೇಲಿನದಕ್ಕಿಂತ ಮೂರು ಪಟ್ಟು. ಅಲ್ಲಿ ಗಾಳಿಯೂ ಮೂರು ಪಟ್ಟು ವೇಗವಾಗಿ ಮುಗಿಯುತ್ತದೆ. ೧೨ ಲೀಟರಿನ ಸಿಲಿಂಡರಿನಲ್ಲಿ ೨೦೦ ಪಟ್ಟು ಒತ್ತಿ ತುಂಬಿದ ಗಾಳಿಯು ಸುಮಾರು ೨೪೦೦ ಲೀಟರ್. ನಿಮಿಷಕ್ಕೆ ೨೦ ಲೀಟರ್ ಬಳಸುವವನಿಗೆ ನೀರಿನ ಮೇಲೆ ಅದು ಎರಡು ಗಂಟೆಗೆ ಸಾಕಾದರೆ, ೨೦ ಮೀಟರ್ ಆಳದಲ್ಲಿ ನಲವತ್ತು ನಿಮಿಷಕ್ಕೆ ಬರಿದಾಗುತ್ತದೆ. ಮೇಲೇರಲು ಬೇಕಾದ ಗಾಳಿಯನ್ನೂ ಅದರಲ್ಲಿಯೇ ಉಳಿಸಿಕೊಳ್ಳಬೇಕು.

ಅಪಾಯ ಮತ್ತು ಶಿಸ್ತು

ಗಾಳಿ ಮುಗಿಯುವುದಕ್ಕಿಂತಲೂ ಗುಪ್ತವಾದ ಅಪಾಯ ಸಾರಜನಕದ್ದು. ಒತ್ತಡದಲ್ಲಿ ಉಸಿರಾಡಿದಾಗ ಅದು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಹೆಚ್ಚಾಗಿ ಕರಗುತ್ತದೆ. ಥಟ್ಟನೆ ಮೇಲೆ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆಗಳೇಳುವಂತೆ, ಶರೀರದೊಳಗೆ ಗುಳ್ಳೆಗಳು ಮೂಡುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಸಂಭವಿಸಬಹುದು. ಆದ್ದರಿಂದ ನಿಮಿಷಕ್ಕೆ ಒಂಬತ್ತು ಹತ್ತು ಮೀಟರಿಗಿಂತ ವೇಗವಾಗಿ ಏರಬಾರದು. ಐದು ಮೀಟರ್ ಆಳದಲ್ಲಿ ಮೂರು ನಿಮಿಷ ತಡೆದು ಬರಬೇಕು. ಎಂದಿಗೂ ಉಸಿರು ಕಟ್ಟಬಾರದು. ಉಸಿರು ಕಟ್ಟಿ ಏರಿದರೆ ಹಿಗ್ಗುವ ಗಾಳಿಯು ಶ್ವಾಸಕೋಶವನ್ನೇ ಹರಿಯಬಲ್ಲದು.

ಹಲವು ದಿನಗಳ ಯಾನದಲ್ಲಿ ಈ ಎಚ್ಚರಿಕೆಗೆ ಹೆಚ್ಚಿನ ಮಹತ್ವವಿದೆ. ಒಂದು ಮುಳುಗಿನ ಸಾರಜನಕವು ಪೂರ್ಣವಾಗಿ ಹೊರಹೋಗುವ ಮೊದಲೇ ಇನ್ನೊಂದು ಮುಳುಗು ಬರುವುದರಿಂದ ಶೇಷವು ಕೂಡುತ್ತ ಹೋಗುತ್ತದೆ. ಮಣಿಕಟ್ಟಿನ ಸಣ್ಣ ಗಣಕವು ಈ ಲೆಕ್ಕವನ್ನು ಇಡುತ್ತದೆ. ಹಲವರು ಆಮ್ಲಜನಕದ ಪಾಲು ನೂರಕ್ಕೆ ೩೨ರಷ್ಟಿರುವ ಮಿಶ್ರಣವನ್ನು ಬಳಸುತ್ತಾರೆ. ಅದರಲ್ಲಿ ಸಾರಜನಕ ಕಡಿಮೆ. ಆದರೆ ಸುಮಾರು ೩೩ ಮೀಟರಿಗಿಂತ ಆಳದಲ್ಲಿ ಆ ಆಮ್ಲಜನಕವೇ ವಿಷವಾಗಿ ಸೆಳವು ತರಬಹುದು. ಯಾನ ಮುಗಿದ ಮೇಲೂ ಕನಿಷ್ಠ ೧೮ ಗಂಟೆ ವಿಮಾನವನ್ನೇರಬಾರದೆಂಬ ನಿಯಮವಿದೆ. ಆಸ್ಪತ್ರೆಯು ಹತ್ತಾರು ಗಂಟೆ ದೂರವಿರುವಲ್ಲಿ ಈ ಶಿಸ್ತೇ ಮೊದಲ ವೈದ್ಯ.

ಕಾವಲಿನ ಕಥೆ

ಹಿಂದೆ ತುಬ್ಬತಾಹವನ್ನು ಅದರ ದೂರವೇ ಕಾಯುತ್ತಿತ್ತು. ಕಗಾಯನ್ಸಿಯೊ ದ್ವೀಪದ ಬೆಸ್ತರು ಬೇಸಗೆಯಲ್ಲಿ ಹಾಯಿದೋಣಿಗಳಲ್ಲಿ ಬಂದು ಮೀನು ಹಿಡಿದು ಹೋಗುತ್ತಿದ್ದರು. ಯಂತ್ರದೋಣಿಗಳು ಬಂದೊಡನೆ ದೂರವು ಅಳಿಯಿತು. ೧೯೮೦ರ ದಶಕದಲ್ಲಿ ಸಿಡಿಮದ್ದು ಮತ್ತು ಸಯನೈಡ್ ಬಳಸಿ ಮೀನು ಹಿಡಿಯುವವರು ಅಲ್ಲಿಗೂ ತಲಪಿದರು. ನೀರಿನಡಿಯ ಹಾನಿಯನ್ನು ಕಣ್ಣಾರೆ ಕಂಡ ಮುಳುಗುವವರೂ ಪರಿಸರಪ್ರೇಮಿಗಳೂ ಒತ್ತಾಯಿಸಿದುದರಿಂದ ಸರಕಾರವು ೧೯೮೮ರಲ್ಲಿ ಅದನ್ನು ರಾಷ್ಟ್ರೀಯ ಕಡಲ ಉದ್ಯಾನವೆಂದು ಘೋಷಿಸಿತು. ೧೯೯೩ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಮನ್ನಣೆ ದೊರೆಯಿತು, ೨೦೧೦ರಲ್ಲಿ ಪ್ರತ್ಯೇಕ ಕಾನೂನೇ ಬಂದಿತು. ಇಂದು ಸುಮಾರು ೯೭,೦೦೦ ಹೆಕ್ಟೇರಿನಲ್ಲಿ ಮೀನುಗಾರಿಕೆ ಪೂರ್ಣ ನಿಷಿದ್ಧ.

ಬರುವ ಪ್ರತಿಯೊಬ್ಬ ಯಾತ್ರಿಕನೂ ಸಂರಕ್ಷಣಾ ಶುಲ್ಕವನ್ನು ಕೊಡಬೇಕು. ಕಾವಲಿನ ವೆಚ್ಚಕ್ಕೆ ಅದು ದೊಡ್ಡ ಆಸರೆ. ಅದರ ಹತ್ತನೆಯ ಒಂದು ಪಾಲು, ತಮ್ಮ ಪರಂಪರಾಗತ ಮೀನುಗಾರಿಕೆಯನ್ನು ಬಿಟ್ಟುಕೊಟ್ಟ ಕಗಾಯನ್ಸಿಯೊ ಜನರಿಗೆ ಸಲ್ಲುತ್ತದೆ. ಹಡಗುಗಳು ಲಂಗರು ಇಳಿಸುವಂತಿಲ್ಲ. ತಳದಲ್ಲಿ ಭದ್ರಪಡಿಸಿ ಮೇಲೆ ತೇಲಬಿಟ್ಟ ಗುಂಡುಗಳಿಗೆ ಹಗ್ಗ ಕಟ್ಟಿ ನಿಲ್ಲಬೇಕು. ಹವಳವನ್ನು ಮುಟ್ಟುವುದಾಗಲಿ ಚಿಪ್ಪೊಂದನ್ನು ಒಯ್ಯುವುದಾಗಲಿ ಸಲ್ಲದು. ಮರಳದಿಬ್ಬದ ಮೇಲಿನ ಠಾಣೆಯಲ್ಲಿ ಕಾವಲುಗಾರರು ಎರಡು ಮೂರು ತಿಂಗಳ ಸರದಿಯಲ್ಲಿ ವರುಷವಿಡೀ ಇರುತ್ತಾರೆ. ೨೦೨೦ರಲ್ಲಿ ಕೋವಿಡ್ ಪಿಡುಗಿನಿಂದ ಯಾತ್ರೆಗಳು ನಿಂತಾಗಲೂ ಕಾವಲು ನಿಲ್ಲಲಿಲ್ಲ.

ಆದರೂ ಕಂಟಕಗಳು ತಪ್ಪಿಲ್ಲ. ೨೦೧೩ರ ಜನವರಿ ೧೭ರಂದು ಅಮೆರಿಕದ ನೌಕಾಪಡೆಯ ‘ಗಾರ್ಡಿಯನ್’ ಎಂಬ ಹಡಗು ದಕ್ಷಿಣದ ಬಳೆಗೆ ಅಪ್ಪಳಿಸಿತು. ಅದರ ಗಣಕನಕ್ಷೆಯಲ್ಲಿ ದಿಬ್ಬದ ಸ್ಥಾನವು ತಪ್ಪಾಗಿ ದಾಖಲಾಗಿತ್ತು. ೨೩೦೦ ಚದರ ಮೀಟರಿಗೂ ಹೆಚ್ಚು ದಿಬ್ಬವು ಹಾನಿಗೀಡಾಯಿತು. ಹಡಗನ್ನು ಅಲ್ಲಿಯೇ ತುಂಡರಿಸಿ ಸಾಗಿಸಬೇಕಾಯಿತು. ೨೦೧೫ರಲ್ಲಿ ಅಮೆರಿಕವು ಸುಮಾರು ೮ ಕೋಟಿ ೭೦ ಲಕ್ಷ ಪೆಸೊ ಪರಿಹಾರವನ್ನು ತೆತ್ತಿತು. ಇದಕ್ಕಿಂತ ದೊಡ್ಡ ಕಂಟಕವನ್ನು ಯಾವ ಠಾಣೆಯೂ ತಡೆಯಲಾರದು. ನೀರು ಅತಿಯಾಗಿ ಬಿಸಿಯೇರಿದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ತಾಪವು ಬೇಗ ಇಳಿಯದಿದ್ದರೆ ಸಾಯುತ್ತದೆ.

ನಮ್ಮ ಪಡುವಣದ ಹವಳ

ಈ ಮಾತು ಕಾಸರಗೋಡಿನ ನಮಗೆ ದೂರದ ಸುದ್ದಿಯಲ್ಲ. ನಮ್ಮ ಪಡುಗಡಲಿನಾಚೆ ಲಕ್ಷದ್ವೀಪದ ಹವಳದ ಬಳೆಗಳಿವೆ. ಅವುಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಅಮಿನ್‌ದೀವಿ ದ್ವೀಪಗಳು ಒಂದು ಕಾಲದಲ್ಲಿ ನಮ್ಮಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ ಆ ದ್ವೀಪಗಳೂ ಕೇಂದ್ರಾಡಳಿತಕ್ಕೆ ಸೇರಿದವು. ಒಂದೇ ಮನೆಯಿಂದ ಒಂದೇ ದಿನ ಬೇರೆಯಾದ ಒಡಹುಟ್ಟುಗಳವು. ೧೯೯೮, ೨೦೧೦, ೨೦೧೬ ಮತ್ತು ೨೦೨೪ರಲ್ಲಿ ಲಕ್ಷದ್ವೀಪದ ಹವಳವು ಬಿಸಿನೀರಿನಿಂದ ಬಿಳಿಚಿಕೊಂಡಿತು. ದಿಬ್ಬವು ಸತ್ತು ಸವೆದರೆ ಅಲೆಗಳನ್ನು ತಡೆಯುವ ಗೋಡೆಯೇ ಕುಸಿದಂತೆ; ತಗ್ಗಾದ ಆ ದ್ವೀಪಗಳ ಬಾಳು ಅದರ ಮೇಲೆ ನಿಂತಿದೆ.

ಕಡಮತ್ತಿನಲ್ಲಿ ಸ್ಕೂಬಾ ಮುಳುಗಿನ ತರಬೇತಿಯ ವ್ಯವಸ್ಥೆಯಿದೆ. ನಮ್ಮ ಶಾಲೆಯ ಮಕ್ಕಳಲ್ಲಿ ಯಾರಾದರೂ ಮುಂದೊಂದು ದಿನ ಆ ತಿಳಿನೀರಿಗೆ ಇಳಿಯಬಹುದು, ಕಡಲ ವಿಜ್ಞಾನವನ್ನು ಅಭ್ಯಸಿಸಬಹುದು. ಆಗ ಅವರು ಮುಟ್ಟದೆ ನೋಡುವುದನ್ನೂ, ನೋಡಿದುದಕ್ಕೆ ಕಾವಲಾಗಿ ನಿಲ್ಲುವುದನ್ನೂ ಕಲಿಯಲಿ. ಕಂಡದ್ದನ್ನು ಕನ್ನಡದಲ್ಲಿ ಬರೆದು ನಮಗೂ ತಿಳಿಸಲಿ.