ದೇವರಾಗಿದ್ದ ಬೆಕ್ಕಿನ ಬಿನ್ನಹ

ವಾಚಕ ವಿದ್ಯಾರ್ಥಿಗಳೇ, ನಾನೊಂದು ಸಾಕುಬೆಕ್ಕು. ಈ ದಿನ ಬೆಳಗ್ಗೆ ಹಾಲಿನ ಪಾತ್ರೆಗೆ ಮೂತಿಯಿಟ್ಟೆನೆಂಬ ಅಪರಾಧಕ್ಕಾಗಿ ಅಡುಗೆಮನೆಯಿಂದ ಹೊರದೂಡಲ್ಪಟ್ಟೆನು. ಬೀದಿಗೆ ಇಳಿದೆನೋ ಇಲ್ಲವೋ, ಎದುರು ಬಂದ ಮಹನೀಯರೊಬ್ಬರು ‘ಅಪಶಕುನ’ವೆಂದು ಗೊಣಗುತ್ತ ಹಿಂದಿರುಗಿದರು. ನನ್ನ ಪೂರ್ವಿಕರು ಒಂದು ಕಾಲದಲ್ಲಿ ಪೂಜೆಗೊಳ್ಳುತ್ತಿದ್ದರೆಂಬುದನ್ನು, ಪಾಪ, ಅವರು ಅರಿಯರು!

ಆ ವೈಭವವು ಮೆರೆದುದು ಪುರಾತನ ಈಜಿಪ್ಟಿನಲ್ಲಿ. ನೈಲ್ ನದಿಯ ಬಯಲಿನ ಧಾನ್ಯವು ಕಣಜಗಳನ್ನು ತುಂಬಿದೊಡನೆ ಇಲಿಗಳು ಬಂದವು. ಇಲಿಗಳ ಬೆನ್ನು ಹತ್ತಿ ನಾವು ಬಂದೆವು. ಸಾಕುಬೆಕ್ಕುಗಳಾದ ನಾವೆಲ್ಲರೂ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಕಾಡುಬೆಕ್ಕಿನ ಸಂತತಿಯೆಂದು ಆನುವಂಶಿಕ ಪರೀಕ್ಷೆಗಳು ತೋರಿಸಿವೆ. ಈಜಿಪ್ಟಿನವರು ನಮ್ಮನ್ನು ‘ಮಿಯು’ ಎಂದು ಕರೆದರು. ಹೆಸರು ಹುಡುಕುವ ಶ್ರಮವನ್ನೂ ನಾವೇ ತಪ್ಪಿಸಿದ್ದೆವಷ್ಟೆ!

ಮೊದಲು ಸಿಂಹಿಣಿಯ ಮುಖವಿದ್ದ ಬಾಸ್ಟೆಟ್ ದೇವಿಯು ಕಾಲಕ್ರಮದಲ್ಲಿ ನಮ್ಮ ಮುಖವನ್ನು ಧರಿಸಿದಳು. ಬುಬಾಸ್ಟಿಸ್ ಪಟ್ಟಣದಲ್ಲಿ ನಡೆಯುತ್ತಿದ್ದ ಅವಳ ಜಾತ್ರೆಯನ್ನು ಕ್ರಿ. ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹಿರಾಡೊಟಸನು ವರ್ಣಿಸಿದ್ದಾನೆ. ಮನೆಯ ಬೆಕ್ಕು ಸತ್ತರೆ ಆ ಮನೆಯವರೆಲ್ಲರೂ ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದೂ ಅವನು ಬರೆದಿದ್ದಾನೆ. ನಮ್ಮ ಯಜಮಾನರ ದಟ್ಟವಾದ ಹುಬ್ಬುಗಳನ್ನು ಕಂಡಾಗಲೆಲ್ಲ ನನಗೆ ಈ ಸಂಗತಿಯು ನೆನಪಾಗುವುದುಂಟು. ಅರಿಯದೆ ಬೆಕ್ಕೊಂದನ್ನು ಕೊಂದ ರೋಮನ್ ಒಬ್ಬನನ್ನು ಜನರ ಗುಂಪು ಕೊಂದುಹಾಕಿತೆಂದು ಡಯೊಡೊರಸನೆಂಬ ಇತಿಹಾಸಕಾರನು ಹೇಳುತ್ತಾನೆ.

ಇಷ್ಟನ್ನು ಕೇಳಿ ನನ್ನ ಮೀಸೆಯು ಹೆಮ್ಮೆಯಿಂದ ನಿಮಿರಿತ್ತು. ಆದರೆ ಮುಂದಿನ ಕಥೆಯನ್ನು ಕೇಳಿರಿ. ಭಕ್ತರು ಬೆಕ್ಕಿನ ಶವವನ್ನು ಕೆಡದಂತೆ ಸಂಸ್ಕರಿಸಿ, ಬಟ್ಟೆಯಲ್ಲಿ ಸುತ್ತಿ, ದೇವಿಗೆ ಹರಕೆಯಾಗಿ ಒಪ್ಪಿಸುತ್ತಿದ್ದರು. ಇವುಗಳನ್ನು ‘ಮಮ್ಮಿ’ಗಳೆನ್ನುವರು. ಭಕ್ತರು ಹೆಚ್ಚಿದಂತೆ ಹರಕೆಗೆ ಬೇಡಿಕೆಯೂ ಹೆಚ್ಚಿತು. ಆದರೆ ಬೆಕ್ಕುಗಳು ಭಕ್ತರ ಅನುಕೂಲಕ್ಕಾಗಿ ಸಾಯುವುವೆ? ಎಕ್ಸ್-ಕಿರಣಗಳ ಮೂಲಕ ಮಮ್ಮಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಅನೇಕವು ವರ್ಷ ತುಂಬದ ಮರಿಗಳೆಂದು ತಿಳಿದುಬಂದಿತು. ಹಲವುಗಳ ಕತ್ತು ಮುರಿದಿತ್ತು. ಹರಕೆಗೆಂದೇ ನಮ್ಮವರನ್ನು ಸಾಕಿ ಕೊಲ್ಲುತ್ತಿದ್ದರು! ಬೀದಿಯಲ್ಲಿ ಒಂದು ಬೆಕ್ಕು ಸತ್ತರೆ ಮರಣದಂಡನೆ. ಗುಡಿಯ ಬಳಿ ಸಾವಿರ ಸತ್ತರೆ ಪುಣ್ಯ!

1888ರಲ್ಲಿ ಬೆನಿ ಹಸನ್ ಎಂಬಲ್ಲಿ ನೆಲವನ್ನು ಅಗೆಯುತ್ತಿದ್ದ ರೈತನೊಬ್ಬನಿಗೆ ಅಸಂಖ್ಯ ಬೆಕ್ಕಿನ ಮಮ್ಮಿಗಳು ದೊರೆತವು. 1890ರಲ್ಲಿ ಸುಮಾರು 19 ಟನ್ನುಗಳಷ್ಟು ಮಮ್ಮಿಗಳು ಹಡಗಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲನ್ನು ಸೇರಿ, ಹರಾಜಾಗಿ, ಹೊಲದ ಗೊಬ್ಬರವಾದವು. ಹರಾಜುಗಾರನು ನಮ್ಮವರದೇ ತಲೆಬುರುಡೆಯೊಂದನ್ನು ಸುತ್ತಿಗೆಯಂತೆ ಬಳಸಿದನೆಂದು ಹೇಳುತ್ತಾರೆ.

ಮಿತ್ರರೇ, ದೇವರೆಂದು ಪೂಜಿಸಿದವರೂ ಅಪಶಕುನವೆಂದು ಹಳಿಯುವವರೂ ಬೆಕ್ಕನ್ನು ಬೆಕ್ಕೆಂದು ನೋಡಲಿಲ್ಲ. ನಾನು ಇಲಿ ಹಿಡಿಯುವ, ಹಸಿಯುವ, ನೋಯುವ ಒಂದು ಪ್ರಾಣಿ. ಅಷ್ಟು ತಿಳಿದರೆ ಸಾಕು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಸರಿಯಾಗಿ ಜೀರ್ಣವಾಗುವುದಿಲ್ಲವೆಂಬ ಮಾತೂ ನಿಜವೇ. ಆದರೆ ಅದನ್ನು ದಯವಿಟ್ಟು ನಮ್ಮ ಮನೆಯವರಿಗೆ ತಿಳಿಸಬೇಡಿರಿ!